ಅಕ್ಕಿ ಚೀಲ, ಫೋಟೋ ಮತ್ತು ಹಂಗು

ರಂಝಾನ್‌ನ ಎರಡನೇ ವಾರ ಬಂತೆಂದರೆ ನನ್ನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದೇ ಬಗೆಯ ಫೋಟೋಗಳು ಬೀಳತೊಡಗುತ್ತವೆ. ಉಳ್ಳಾಲದಿಂದ ಬಂದರೂ ಸರಿ, ಕಾಪುವಿನಿಂದ ಬಂದರೂ ಸರಿ, ನೋಟ ಮಾತ್ರ ಅದೇ. ಹಿಂದೆ ಫ್ಲೆಕ್ಸ್ ಬ್ಯಾನರ್, ಮುಂದೆ ಐದಾರು ಗಂಡಸರು, ನಡುವೆ ಒಂದು ಕಿಟ್. ಅದರಲ್ಲಿ ಅಕ್ಕಿ, ಸಕ್ಕರೆ, ಎಣ್ಣೆ, ಚಾಹುಡಿ, ಒಂದು ಪ್ಯಾಕೆಟ್ ಖರ್ಜೂರ. ಆ ಗಂಡಸರೆಲ್ಲರ ಕೈಯೂ ಅದೊಂದೇ ಚೀಲದ ಮೇಲಿರುತ್ತದೆ, ಎರಡು ಕ್ವಿಂಟಾಲ್ ಎತ್ತುತ್ತಿದ್ದಾರೇನೋ ಎಂಬ ಹಾಗೆ. ಚೀಲದ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು.

ಕಳೆದ ವರ್ಷದ ಅಂಥದ್ದೊಂದು ಫೋಟೋದಲ್ಲಿದ್ದ ಹೆಂಗಸು ನನಗೆ ಗೊತ್ತಿದ್ದವರು. ಬೀಡಿ ಕಟ್ಟುವವರು. ನನ್ನ ಉಮ್ಮನೂ ಅವರೂ ಒಂದೇ ಬ್ರಾಂಚಿಗೆ ಬೀಡಿ ಕೊಂಡುಹೋಗುತ್ತಿದ್ದ ಕಾಲವೊಂದಿತ್ತು. ಶಾಲನ್ನು ಮೂಗಿನ ತನಕ ಎಳೆದುಕೊಂಡಿದ್ದರು. ಆದರೆ ಊರಿನವರಿಗೆ ಗುರುತು ಹತ್ತಲು ಕಣ್ಣು ಕಂಡರೆ ಸಾಕಲ್ಲ. ಆ ಅಕ್ಕಿ ಪೆರ್ನಾಲ್ ಹಬ್ಬಕ್ಕೆ ಮುಂಚೆಯೇ ಮುಗಿದಿರಬೇಕು. ಫೋಟೋ ಈಗಲೂ ಗ್ರೂಪಿನಲ್ಲಿದೆ, ಅದರ ಕೆಳಗೆ ಸಾಲುಸಾಲು 'ಮಾಶಾ ಅಲ್ಲಾಹ್'. ಈ ಸಲ ಇನ್ನೊಂದು ಕಡೆ ಕಿಟ್ ಕೊಡುತ್ತಾರಂತೆ ಎಂದು ಹೇಳಿದಾಗ ಅವರು ತಲೆ ಎತ್ತದೆ, ಎಲೆ ಕತ್ತರಿಸುತ್ತಲೇ, "ಬೇಡ ಮಗಾ, ಮಗಳ ಕ್ಲಾಸಿನ ಮಕ್ಕಳು ಆ ಗ್ರೂಪಿನಲ್ಲಿದ್ದಾರಂತೆ" ಎಂದರು.

ಈ ವಿಷಯ ಎತ್ತಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ನಿಯ್ಯತ್ ಚೆನ್ನಾಗಿದ್ದರೆ ಆಯಿತು ಮಾರಾಯ್ರೆ." ಕೊಡುವವನ ಮನಸ್ಸಿನಲ್ಲಿ ಏನಿದೆ ಎನ್ನುವುದು ಅವನಿಗೂ ದೇವರಿಗೂ ಬಿಟ್ಟದ್ದು, ಒಪ್ಪಿಕೊಳ್ಳೋಣ. ಆದರೆ ತೆಗೆದುಕೊಳ್ಳುವವರ ಮಾನ? ಅದನ್ನು ಇಸ್ಲಾಮಿನ ಕಾನೂನು ನಿಯ್ಯತ್ತಿಗೆ ಬಿಟ್ಟುಕೊಟ್ಟಿಲ್ಲ. ಅದನ್ನು ತೂಕಕ್ಕಿಟ್ಟು, ಲೆಕ್ಕ ಹಾಕಿ, ನಿಯಮವಾಗಿ ಬರೆದಿಟ್ಟಿದೆ. ನಮ್ಮ ಕರಾವಳಿಯ ಮಸೀದಿ ಪಾಠಶಾಲೆಗಳಾದ ದರ್ಸ್‌ಗಳಲ್ಲಿ ಆ ನಿಯಮಗಳನ್ನು ಶತಮಾನಗಳಿಂದ ಓದುತ್ತಲೂ ಬಂದಿದ್ದಾರೆ. ಅವು ಕಿತಾಬಿನಿಂದ ಇಳಿದು ಕಿಟ್ಟಿನ ತನಕ ಬಾರದೆ ಇರುವುದೇ ಸೋಜಿಗ.

ಹಂಗಿಸುವುದು ಎಂಬ ಪದ

ಕುರ್‌ಆನ್‌ನ ಎರಡನೇ ಅಧ್ಯಾಯ ಅಲ್‌ಬಕರದ 264ನೇ ವಚನ ವಿಶ್ವಾಸಿಗಳಿಗೆ ಹೇಳುವುದು ಇಷ್ಟು: ಕೊಟ್ಟದ್ದನ್ನು 'ಮನ್ನ್'ನಿಂದಲೂ 'ಅದಾ'ದಿಂದಲೂ ಹಾಳು ಮಾಡಿಕೊಳ್ಳಬೇಡಿ. 'ಅದಾ' ಎಂದರೆ ನೋವು. 'ಮನ್ನ್' ಎಂಬುದನ್ನು ಬೇರೆ ಭಾಷೆಗಳಿಗೆ ತರುವವರು ಉಪಕಾರ ನೆನಪಿಸುವುದು, ಎತ್ತಿ ಆಡುವುದು ಎಂದೆಲ್ಲ ಸುತ್ತಿ ಬಳಸಿ ಹೇಳಬೇಕಾಗುತ್ತದೆ. ಕನ್ನಡಕ್ಕೆ ಆ ಕಷ್ಟವಿಲ್ಲ. ನಮ್ಮಲ್ಲಿ 'ಹಂಗಿಸುವುದು' ಎಂಬ ಪದವಿದೆ. ಹಂಗು ಎಂದರೆ ಋಣದ ಭಾರ, ಹಂಗಿಸುವುದು ಎಂದರೆ ಆ ಭಾರವನ್ನು ಮುಖಕ್ಕೆ ಹಿಡಿಯುವುದು. ಹಂಗಿನ ಅರಮನೆಗಿಂತ ಸ್ವಂತ ಗುಡಿಸಲು ಲೇಸೆಂದು ಶಾಲೆ ಕಾಣದ ಅಜ್ಜಿಯೂ ಹೇಳುವ ನಾಡಿದು. 'ಮನ್ನ್' ಬಂದ ಧಾತುವಿನದೇ ಆದ ಅರಬಿಯ 'ಮಿನ್ನತ್' ಮತ್ತು ಕನ್ನಡದ 'ಹಂಗು' ಒಂದಕ್ಕೊಂದು ಇಷ್ಟು ಹತ್ತಿರ ಬರುವುದನ್ನು ಕಂಡಾಗ, ಫಿಕ್ಹ್, ಅಂದರೆ ಇಸ್ಲಾಮಿನ ಕಾನೂನುಶಾಸ್ತ್ರ, ಓದಲು ಕನ್ನಡದಷ್ಟು ಒದಗುವ ಭಾಷೆ ಇನ್ನೊಂದಿಲ್ಲವೇನೋ ಎಂದು ನನಗೆ ಅನ್ನಿಸಿದ್ದುಂಟು. ಇದು ಅಭಿಮಾನದ ಮಾತು, ಬಿಡಿ.

ಅದೇ ವಚನದಲ್ಲಿ ಒಂದು ಹೋಲಿಕೆಯಿದೆ. ಜನರಿಗೆ ತೋರಿಸಲಿಕ್ಕೆಂದು ಕೊಡುವವನು ನುಣುಪಾದ ಬಂಡೆಯ ಮೇಲೆ ಕೂತ ಮಣ್ಣಿನ ಹಾಗೆ. ಜೋರು ಮಳೆ ಬಂದರೆ ಮಣ್ಣೆಲ್ಲ ಕೊಚ್ಚಿಹೋಗಿ ಕಲ್ಲು ಬೋಳಾಗಿ ಉಳಿಯುತ್ತದೆ. ಮರುಭೂಮಿಯಲ್ಲಿ ಕೇಳಿದವರು ಇದನ್ನು ಹೇಗೆ ಕಲ್ಪಿಸಿಕೊಂಡರೋ ಏನೋ. ನಮ್ಮ ಪಾದೆಕಲ್ಲುಗಳ ಮೇಲೆ ಬೇಸಗೆಯಿಡೀ ಕೂತ ಮಣ್ಣಿಗೆ ಜೂನ್ ತಿಂಗಳ ಮೊದಲ ಮಳೆ ಏನು ಮಾಡುತ್ತದೆ ಎಂದು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ.

76ನೇ ಅಧ್ಯಾಯದಲ್ಲಿ ಉಣಿಸುವವರ ಬಾಯಲ್ಲಿ ಬರುವ ಮಾತು ಇನ್ನೂ ಕಟ್ಟುನಿಟ್ಟು: ನಿಮ್ಮಿಂದ ಪ್ರತಿಫಲವೂ ಬೇಡ, ಕೃತಜ್ಞತೆಯೂ ಬೇಡ. ನಮ್ಮ ಫೋಟೋಗಳಲ್ಲಿ ಆ ಕೃತಜ್ಞತೆಯನ್ನು ಸ್ಥಳದಲ್ಲಿಯೇ ವಸೂಲಿ ಮಾಡಲಾಗುತ್ತದೆ, ಅದೂ ಸಾಕ್ಷಿಸಮೇತ.

ಕೃತಜ್ಞತೆ ಎಂದಾಗ ಮಿಸ್ತಹ್‌ರ ಪ್ರಸಂಗ ನೆನಪಾಗುತ್ತದೆ. ಪ್ರವಾದಿಯ ಆಪ್ತ ಸಂಗಾತಿ ಅಬೂಬಕ್ಕರ್ ಸಿದ್ದೀಕ್ ಅವರು ಸಾಕುತ್ತಿದ್ದ ಬಡ ಬಂಧು ಆತ. ಅಬೂಬಕ್ಕರ್‌ರ ಮಗಳು, ಪ್ರವಾದಿಯ ಪತ್ನಿ ಆಯಿಷಾ ಅವರ ಮೇಲೆ ಅಪವಾದ ಹಬ್ಬಿದಾಗ ಅದನ್ನು ಹಬ್ಬಿಸಿದವರಲ್ಲಿ ಆತನೂ ಸೇರಿದ್ದ. ಇನ್ನು ಇವನಿಗೆ ಒಂದು ಕಾಸೂ ಕೊಡುವುದಿಲ್ಲ ಎಂದು ಅವರು ಆಣೆ ಹಾಕಿದರು. ಯಾವ ತಂದೆಯಾದರೂ ಹಾಕುತ್ತಿದ್ದ. ಆಗ ಇಳಿದ ವಚನ 24ನೇ ಅಧ್ಯಾಯದ 22ನೆಯದು: ಅನುಕೂಲವಿರುವವರು ಬಂಧುಗಳಿಗೆ, ಬಡವರಿಗೆ ಕೊಡುವುದಿಲ್ಲವೆಂದು ಆಣೆ ಹಾಕದಿರಲಿ. ಅಬೂಬಕ್ಕರ್ ನೆರವನ್ನು ಮತ್ತೆ ಶುರು ಮಾಡಿದರು. ಮನೆತನದ ಮಾನಕ್ಕೇ ಮಸಿ ಬಳಿದವನ ಅನ್ನವನ್ನೂ ನಿಲ್ಲಿಸಬಾರದೆಂದ ಮೇಲೆ, ನಗದೆ ನಿಂತ ಹೆಂಗಸಿಗೆ "ಸ್ವಲ್ಪ ಇತ್ತ ನೋಡಿ, ಕ್ಯಾಮರಾ ನೋಡಿ" ಎಂದು ಹೇಳುವ ಹಕ್ಕು ನಮಗೆ ಎಲ್ಲಿಂದ ಬಂತು?

ಬಾವಿಯ ನೀರು, ನೀರಿನ ದುಡ್ಡು

ಮಂಗಳೂರು, ಉಡುಪಿಯ ಬ್ಯಾರಿಗಳು ಶಾಫಿಈ ಮದ್ಹಬಿನವರು, ಅಂದರೆ ಇಸ್ಲಾಮಿನ ಕಾನೂನಿನಲ್ಲಿ ಶಾಫಿಈ ಪಂಥವನ್ನು ಅನುಸರಿಸುವವರು. ಕೇರಳದ ಮಾಪಿಳ್ಳೆಗಳು, ಭಟ್ಕಳದ ನವಾಯತರು ಕೂಡ ಅದೇ. ಇಲ್ಲಿನ ದರ್ಸ್‌ಗಳಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ 'ಫತ್‌ಹುಲ್ ಮುಈನ್' ಮುಖ್ಯ ಪಠ್ಯ. ಅದಕ್ಕಿಂತ ಹಿಂದಿನದು 13ನೇ ಶತಮಾನದ ಇಮಾಮ್ ನವವಿಯವರ 'ಮಿನ್ಹಾಜ್'. ಮಾನದ ಬಗ್ಗೆ ಈ ಕಿತಾಬುಗಳು ಏನು ಹೇಳುತ್ತವೆ ಎಂದು ದರ್ಸ್‌ನಲ್ಲಿ ಓದಿದ ಗೆಳೆಯರೊಬ್ಬರನ್ನು ಕೇಳಿದೆ. ಅಖ್ಲಾಕಿನ (ನೀತಿನಡತೆಯ) ಪಾಠ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ತೆಗೆದದ್ದು ತಯಮ್ಮುಮಿನ ಅಧ್ಯಾಯ.

ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಝೂ ಮಾಡಲು ನೀರಿಲ್ಲದವನು ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಬಹುದು ಎಂಬುದು ಮದ್ರಸದ ಮಕ್ಕಳಿಗೂ ಗೊತ್ತು. ಪ್ರಶ್ನೆ ಏನೆಂದರೆ, ನೀರಿಲ್ಲದವನಿಗೆ ಇನ್ನೊಬ್ಬ "ತಗೋ, ನನ್ನ ನೀರು" ಎಂದು ಕೊಟ್ಟರೆ? ತೆಗೆದುಕೊಳ್ಳಲೇಬೇಕು. ಬಾವಿಯಿಂದ ಸೇದಲು ಕೊಡಪಾನ ಎರವಲು ಕೊಟ್ಟರೆ? ಅದನ್ನೂ ತೆಗೆದುಕೊಳ್ಳಬೇಕು. ಆದರೆ "ತಗೋ ದುಡ್ಡು, ನೀರು ಕೊಂಡುಕೋ" ಎಂದರೆ? ತೆಗೆದುಕೊಳ್ಳಬೇಕಾಗಿಲ್ಲ. ಬೇಡ ಎಂದು ಹೇಳಿ ಮಣ್ಣಿನಲ್ಲಿಯೇ ತಯಮ್ಮುಮ್ ಮಾಡಿದರೆ ನಮಾಝ್ ಸಿಂಧು. ವ್ಯಾಖ್ಯಾನಕಾರರು ಕೊಡುವ ಕಾರಣ ಒಂದೇ ಪದ: ಮಿನ್ನತ್. ನೀರನ್ನು ಜನ ಸುಮ್ಮನೆ ಕೊಡುತ್ತಾರೆ, ಅದರ ಹಂಗು ಹಗುರ. ದುಡ್ಡಿನ ಹಂಗು ಭಾರ.

ಒಂದು ಕ್ಷಣ ಇಲ್ಲಿ ನಿಲ್ಲಬೇಕು. ಎದುರಿಗಿರುವುದು ನಮಾಝ್, ಅಂದರೆ ಮುಸ್ಲಿಮನೊಬ್ಬನ ದಿನದ ಅತಿ ದೊಡ್ಡ ಕರ್ತವ್ಯ. ಅದರ ಪಕ್ಕದ ತಟ್ಟೆಯಲ್ಲಿ ಒಬ್ಬ ಬಡ ಪ್ರಯಾಣಿಕನ ಸಂಕೋಚವನ್ನು ಇಟ್ಟು ತೂಗಿದ್ದಾರೆ. ಆ ಸಂಕೋಚಕ್ಕೆ ತೂಕ ಬಂದಿದೆ. ಹಜ್ಜಿನ ಅಧ್ಯಾಯದಲ್ಲಿಯೂ ಇದೇ ದಾರಿ. ತಾನೇ ಹೋಗಲಾರದಷ್ಟು ಅಶಕ್ತನಾದವನ ಪರವಾಗಿ ಹಜ್ ಮಾಡಿಸಲು ಬೇಕಾದ ಹಣವನ್ನು ಸ್ವಂತ ಮಗನೇ ಕೊಡುತ್ತೇನೆಂದರೂ ಅದನ್ನು ಸ್ವೀಕರಿಸುವುದು ಕಡ್ಡಾಯವಲ್ಲ ಎನ್ನುತ್ತದೆ ಮಿನ್ಹಾಜ್. ಮಗನ ದುಡ್ಡಿಗೂ ಹಂಗಿದೆ ಎಂದು ಸುಮಾರು ಏಳುನೂರೈವತ್ತು ವರ್ಷಗಳ ಹಿಂದೆ ದಮಾಸ್ಕಸಿನಲ್ಲಿ ಕೂತು ಯೋಚಿಸಿದವರು, ನಮ್ಮ ಊರಿನ ವೃದ್ಧ ತಂದೆ ಮಗನ ಹತ್ತಿರ ಮಾತ್ರೆಗೆ ನೂರು ರೂಪಾಯಿ ಕೇಳಲು ಮೂರು ದಿನ ಹಿಂದೆಮುಂದೆ ನೋಡುವುದನ್ನು ಕಂಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ.

ಝಕಾತಿನ, ಅಂದರೆ ಉಳ್ಳವರು ಕಡ್ಡಾಯವಾಗಿ ಕೊಡಬೇಕಾದ ದಾನದ, ಅಧ್ಯಾಯಕ್ಕೆ ಬಂದರೆ ಇದು ಇನ್ನೂ ಹರಡಿಕೊಳ್ಳುತ್ತದೆ. ಬಡವ ಯಾರು? ನಮ್ಮ ಕಮಿಟಿಗಳಲ್ಲಿ ಹೆಸರು ಬರೆಯುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, "ಅವರಿಗೆ ಐದು ಸೆಂಟ್ಸ್ ಜಾಗ, ಮನೆ ಇದೆಯಲ್ಲ" ಅಂತ. ಅಥವಾ "ಪೆರ್ನಾಲಿಗೆ ಮಕ್ಕಳಿಗೆ ಎಂಥ ಬಟ್ಟೆ ಹಾಕಿದ್ದರು ನೋಡಿಲ್ಲವಾ?" ಅಂತ. ಕಿತಾಬಿನಲ್ಲಿ ಇದಕ್ಕೆ ನೇರ ಉತ್ತರವಿದೆ. ವಾಸದ ಮನೆ, ಉಡುವ ಬಟ್ಟೆ ಇದ್ದ ಮಾತ್ರಕ್ಕೆ ಒಬ್ಬ 'ಫಕೀರ್' ಎನ್ನುವ ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. ಫತ್‌ಹುಲ್ ಮುಈನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವರ್ಷದಲ್ಲಿ ಕೆಲವೇ ದಿನ ಅಲಂಕಾರಕ್ಕೆಂದು ಉಡುವ ಬಟ್ಟೆಯನ್ನೂ ಸೇರಿಸುತ್ತದೆ. ಅಂದರೆ ಪೆರ್ನಾಲಿನ ಅಂಗಿ ಬಡವನ ಹಕ್ಕಿಗೆ ಅಡ್ಡಿಯಲ್ಲ. ಬಡವ ಬಡವನ ಹಾಗೆ ಕಾಣಿಸಬೇಕು ಎಂಬ ನಮ್ಮ ಒಳಗಿನ ಷರತ್ತನ್ನು ಮಖ್ದೂಮರು ಮೊದಲೇ ಕಿತ್ತುಹಾಕಿದ್ದಾರೆ. ಇದಕ್ಕೆ ಬೇರು ಕುರ್‌ಆನ್‌ನಲ್ಲಿಯೇ ಇದೆ. ಎರಡನೇ ಅಧ್ಯಾಯದ 273ನೇ ವಚನ ಹೇಳುವ ಬಡವರು ಜನರನ್ನು ಪೀಡಿಸಿ ಕೇಳದವರು, ಅವರ ಸಂಯಮ ಕಂಡು ತಿಳಿಯದವನು ಅವರನ್ನು ಸಿರಿವಂತರೆಂದೇ ಭಾವಿಸುತ್ತಾನೆ.

ಎಷ್ಟು ಕೊಡಬೇಕು ಎಂಬಲ್ಲಿ ನವವಿಯವರ ಮಾತು ಕೇಳಿದರೆ ಕಿಟ್ ಹಂಚುವ ನಮ್ಮೆಲ್ಲರ ತಲೆ ತಗ್ಗಬೇಕು. ಒಂದು ವರ್ಷಕ್ಕೆ ಸಾಕಾಗುವಷ್ಟು ಎಂಬ ಅಭಿಪ್ರಾಯವನ್ನು ಹೇಳಿ, ಅದಕ್ಕಿಂತ ಸರಿಯಾದದ್ದು, ಬಹುಪಾಲು ವಿದ್ವಾಂಸರದ್ದು ಎಂದು ಅವರು ಸೇರಿಸುವುದು ಬೇರೆಯದನ್ನೇ: ಸಾಮಾನ್ಯ ಆಯುಷ್ಯ ಪೂರ್ತಿ ಸಾಕಾಗುವಷ್ಟು. ಅದರಿಂದ ಆದಾಯ ಬರುವ ಆಸ್ತಿಯೊಂದನ್ನು ಕೊಳ್ಳಲಿ. ಕಸುಬುದಾರನಿಗೆ ಹತಾರ, ವ್ಯಾಪಾರಿಗೆ ಬಂಡವಾಳ. ಸೊಪ್ಪು ಮಾರುವವನಿಗೆ 5 ಅಥವಾ 10 ದಿರ್ಹಮ್ ಸಾಕು, ರತ್ನದ ವ್ಯಾಪಾರ ಬಲ್ಲವನಿಗೆ 10,000 ದಿರ್ಹಮ್ ಬೇಕಾದೀತು ಎಂಬ ಉದಾಹರಣೆಯನ್ನೂ ಅವರ ಇನ್ನೊಂದು ಗ್ರಂಥ ಕೊಡುತ್ತದೆ. ಉದ್ದೇಶ ಸ್ಪಷ್ಟ. ತೆಗೆದುಕೊಳ್ಳುವ ಕೆಳಗಿನ ಕೈ ಮತ್ತೆ ಕೆಳಗೆ ಬರಬಾರದು. ನಮ್ಮ ಭಾಷೆಗೆ ತಂದರೆ ಬಂದರಿನ ದಕ್ಕೆಯಲ್ಲಿ ಮೀನು ಹೊರುವವನಿಗೆ ಸ್ವಂತ ಐಸ್ ಬಾಕ್ಸ್ ಮತ್ತು ಒಂದು ಟೆಂಪೋ, ಬಾಡಿಗೆ ರಿಕ್ಷಾ ಓಡಿಸುವವನಿಗೆ ಅವನದೇ ರಿಕ್ಷಾ, ಬೀಡಿ ಕಟ್ಟಿ ಬೆನ್ನು ಬಗ್ಗಿದವರಿಗೆ ಬಾಡಿಗೆ ಬರುವ ಒಂದು ಕೋಣೆ. ವರ್ಷಕ್ಕೆ ಇನ್ನೂರು ಮನೆಗೆ ಕಿಟ್ ಕೊಡುವ ಬದಲು ನಾಲ್ಕು ಮನೆಯನ್ನು ಪಟ್ಟಿಯಿಂದಲೇ ಹೊರಗೆ ತಂದರೆ ಲೆಕ್ಕ ಕಿತಾಬಿಗೆ ಹತ್ತಿರವಾಗುತ್ತದೆ. ಇನ್ನೂರು ಫೋಟೋದ ಜಾಗದಲ್ಲಿ ನಾಲ್ಕೇ ಬರುತ್ತದೆ ಎನ್ನುವುದು ತೊಂದರೆಯೇ, ನಿಜ.

ಇನ್ನೊಂದು ತಾಂತ್ರಿಕ ಸಂಗತಿಯಿದೆ. ಶಾಫಿಈ ಮದ್ಹಬಿನ ಪ್ರಕಾರ ಹಣದ ಝಕಾತನ್ನು ಹಣವಾಗಿಯೇ ಕೊಡಬೇಕು. ಅದರಿಂದ ಅಕ್ಕಿ, ಎಣ್ಣೆ ಕೊಂಡು ಕೊಟ್ಟರೆ ಸಲ್ಲುವುದಿಲ್ಲ. ಇನ್ನೊಂದು ಮದ್ಹಬಿನವರಾದ ಹನಫಿಗಳು ಇಲ್ಲಿ ಸಡಿಲ. ರಂಝಾನ್ ಮುಗಿಯುವಾಗ ಕೊಡುವ ಫಿತ್ರ್ ಝಕಾತ್ ಮಾತ್ರ ಊರಿನ ಮುಖ್ಯ ಆಹಾರದಲ್ಲಿ, ನಮ್ಮಲ್ಲಿ ಅಕ್ಕಿಯಲ್ಲಿ, ತಲೆಗೆ ಸುಮಾರು 2.5ರಿಂದ 3 ಕಿಲೋ. ಸದಕದ, ಅಂದರೆ ಸ್ವಇಚ್ಛೆಯ ದಾನದ, ದುಡ್ಡಿನಿಂದ ಕಿಟ್ ಮಾಡಲು ಅಡ್ಡಿಯಿಲ್ಲ, ಆದರೆ ಝಕಾತಿನ ದುಡ್ಡನ್ನೂ ಅದೇ ಚೀಲಕ್ಕೆ ತುಂಬುವ ಕಡೆಗಳಲ್ಲಿ ಪ್ರಶ್ನೆ ಏಳುತ್ತದೆ. ವಿದ್ವಾಂಸರು ಇದಕ್ಕೆ ಕೊಡುವ ಕಾರಣ ಆರಾಧನೆಯ ಶಿಸ್ತು. ನನಗೆ ಅದರ ಬದಿಯಲ್ಲಿ ಇನ್ನೊಂದು ಫಲ ಕಾಣುತ್ತದೆ: ದುಡ್ಡು ಕೈಗೆ ಬಂದರೆ ಎಣ್ಣೆ ಬೇಕೋ ಮಗುವಿನ ಫೀಸು ಬೇಕೋ ಎಂದು ತೀರ್ಮಾನಿಸುವವರು ಆ ಮನೆಯವರೇ. ಗೃಹಲಕ್ಷ್ಮಿಯ 2000 ರೂಪಾಯಿ ಖಾತೆಗೆ ಬಿದ್ದಾಗ ಯಾವ ಹೆಂಗಸೂ ಬ್ಯಾನರಿನ ಮುಂದೆ ನಿಲ್ಲುವುದಿಲ್ಲ. ಸರಕಾರಕ್ಕೆ ಸಾಧ್ಯವಾದದ್ದು ಪಳ್ಳಿಗೆ (ಮಸೀದಿಗೆ) ಸಾಧ್ಯವಾಗದೇ?

ಕೊಡುವಾಗ ಇದು ಝಕಾತ್ ಎಂದು ಹೇಳಬೇಕೇ? ಬೇಡ. ಏನೂ ಹೇಳದೆ ಕೈಗಿತ್ತರೂ ಝಕಾತ್ ಸಲ್ಲುತ್ತದೆ ಎಂಬುದೇ ನವವಿಯವರು ದಾಖಲಿಸಿದ ಪ್ರಸಿದ್ಧ ಅಭಿಪ್ರಾಯ. ಇನ್ನೊಂದು ಮದ್ಹಬಿನ ಇಮಾಮ್ ಅಹ್ಮದ್ ಬಿನ್ ಹಂಬಲ್‌ರಿಗೆ ಇದೇ ಪ್ರಶ್ನೆ ಬಂದಾಗ, ಕೊಟ್ಟು ಸುಮ್ಮನಿದ್ದರಾಯಿತು, ಆ ಮಾತಿನಿಂದ ಅವನನ್ನು ಯಾಕೆ ಚುಚ್ಚಬೇಕು ಎಂಬರ್ಥದ ಉತ್ತರ ಕೊಟ್ಟರಂತೆ. 'ಝಕಾತ್' ಎಂಬ ಒಂದು ಪದವೇ ಚುಚ್ಚುತ್ತದೆ ಎಂದವರ ಎದುರು ಎಂಟಡಿ ಅಗಲದ ಫ್ಲೆಕ್ಸ್ ಇಟ್ಟು ನೋಡಿ.

ಕರಾಮತ್ ಎಂದರೆ ಏನು

ಇಲ್ಲೊಂದು ಪದದ ಕಥೆ. ನಮ್ಮ ಕಡೆ 'ಕರಾಮತ್' ಎಂದರೆ ಔಲಿಯಾಗಳ (ಸಂತರ) ಪವಾಡ. ಉಳ್ಳಾಲದ ದರ್ಗಾದ ಬಗ್ಗೆ ಹಿರಿಯರು ಹೇಳುವ ಕಥೆಗಳೆಲ್ಲ ಕರಾಮತಿನ ಕಥೆಗಳೇ. ಅರಬಿಯಲ್ಲಿ ಅದೇ ಪದಕ್ಕೆ ಮಾನ, ಘನತೆ ಎಂಬ ಅರ್ಥವೂ ಇದೆ. ಈಗಿನ ಅರಬಿಯಲ್ಲಿ ಮಾನವ ಘನತೆ ಎನ್ನಲು ಬಳಸುವುದೇ ಅದನ್ನು. 17ನೇ ಅಧ್ಯಾಯದ 70ನೇ ವಚನ ಅದೇ ಧಾತುವಿನಿಂದ ಹೇಳುತ್ತದೆ: ನಾವು ಆದಮರ ಸಂತತಿಗೆ ಗೌರವ ನೀಡಿದೆವು. ಮುಸ್ಲಿಮರಿಗೆ ಎಂದಿಲ್ಲ, ಸಜ್ಜನರಿಗೆ ಎಂದಿಲ್ಲ. ಯಹೂದಿಯೊಬ್ಬನ ಶವ ಸಾಗುವಾಗ ಪ್ರವಾದಿ ಎದ್ದು ನಿಂತರು, ಅದು ಯಹೂದಿಯದ್ದಲ್ಲವೇ ಎಂದಾಗ "ಅದೂ ಒಂದು ಜೀವವಲ್ಲವೇ?" ಎಂದು ಕೇಳಿದರು ಎಂಬ ಹದೀಸ್, ಅಂದರೆ ಪ್ರವಾದಿಯ ನಡೆನುಡಿಯ ವರದಿ, 'ಬುಖಾರಿ', 'ಮುಸ್ಲಿಮ್' ಎಂಬ ಎರಡೂ ಸಂಗ್ರಹಗಳಲ್ಲಿದೆ. ನಾವು ಕರಾಮತನ್ನು ದರ್ಗಾದೊಳಗೆ ಹುಡುಕುತ್ತ ಹೋಗಿ, ದರ್ಗಾದ ಬಾಗಿಲಲ್ಲಿ ಕೈಚಾಚಿ ಕೂತವನಲ್ಲಿ ಅದು ಮೊದಲೇ ಇದೆ ಎಂಬುದನ್ನು ನೋಡದೆ ದಾಟಿಹೋಗುತ್ತೇವೆ.

ಶರೀಅತಿನ ಗುರಿಗಳೆಂದು ಇಮಾಮ್ ಗಝಾಲಿ (1058–1111) ಐದನ್ನು ಎಣಿಸಿದರು: ಧರ್ಮ, ಜೀವ, ಬುದ್ಧಿ, ವಂಶ, ಸಂಪತ್ತು. 14ನೇ ಶತಮಾನದ ತಾಜುದ್ದೀನ್ ಸುಬ್ಕಿ ಆರನೆಯದಾಗಿ 'ಇರ್ಝ್' ಅಂದರೆ ಮಾನವನ್ನೂ ಸೇರಿಸಿದರು. ಪ್ರವಾದಿಯ ವಿದಾಯ ಭಾಷಣದಲ್ಲಿ ರಕ್ತ, ಸಂಪತ್ತು, ಮಾನ ಈ ಮೂರನ್ನೂ ಒಂದೇ ಉಸಿರಿನಲ್ಲಿ ಪವಿತ್ರವೆಂದು ಸಾರಿದ್ದುಂಟು. ಒಬ್ಬನ ದುಡ್ಡು ಕದಿಯುವುದು ಹರಾಮ್ ಎಂದು ಎಲ್ಲರೂ ಒಪ್ಪುತ್ತಾರೆ. ಅವನ ಬಡತನವನ್ನು ಅವನ ಅನುಮತಿಯಿಲ್ಲದೆ ಸಾವಿರ ಫೋನುಗಳಿಗೆ ಹಂಚಿದಾಗ ಹೋದದ್ದು ಕೂಡ ಅದೇ ಪಟ್ಟಿಯಲ್ಲಿರುವ ಒಂದು ವಸ್ತು. ನೆಲದ ಕಾನೂನೂ ಈಚೆಗೆ ಇಲ್ಲಿಗೇ ಬಂದಿದೆ. ಖಾಸಗಿತನ ಮೂಲಭೂತ ಹಕ್ಕು, ಅದರ ತಿರುಳು ವ್ಯಕ್ತಿಯ ಘನತೆ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹಾಗಾದರೆ ಮದ್ರಸದಲ್ಲಿ ನಾವು ಕಲಿತದ್ದೇನು? ಬೆಳಗ್ಗೆ ಶಾಲೆಗೆ ಮುಂಚಿನ ಮದ್ರಸದಲ್ಲಿ, ನಿದ್ದೆಗಣ್ಣಿನಲ್ಲಿ, ಉಸ್ತಾದರು ಹೇಳಿಕೊಟ್ಟ ಹದೀಸ್ ನನಗಿನ್ನೂ ಬಾಯಿಪಾಠವಿದೆ: ಮೇಲಿನ ಕೈ ಕೆಳಗಿನ ಕೈಗಿಂತ ಉತ್ತಮ. ಇನ್ನೊಂದು, ಹಗ್ಗ ಹಿಡಿದು ಕಾಡಿಗೆ ಹೋಗಿ ಸೌದೆ ಹೊತ್ತು ಮಾರುವುದು ಜನರಲ್ಲಿ ಬೇಡುವುದಕ್ಕಿಂತ ಲೇಸು ಎಂಬುದು. ಒಳ್ಳೆಯ ಪಾಠಗಳೇ. ಆದರೆ ಎರಡನ್ನೂ ನಾವು ಕೇಳಿಸಿಕೊಂಡದ್ದು ಕೆಳಗಿನ ಕೈಗೆ ಹೇಳಿದ ಬುದ್ಧಿಮಾತಾಗಿ. ಬೇಡಬೇಡ, ಕೈಚಾಚಬೇಡ, ನಿನ್ನ ಮಾನ ನೀನು ಕಾಪಾಡಿಕೋ. ಮೇಲಿನ ಕೈ ಹೇಗಿರಬೇಕು ಎಂಬ ಪಾಠ ಬಂದದ್ದು ನೆನಪಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಹದೀಸ್ ಇತ್ತು, ಅದನ್ನು ಸುಂದರವಾದ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಯೂ ಇದ್ದೆವು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಘದವರು ಬಡ ಮಕ್ಕಳಿಗೆ ನೋಟ್‌ಬುಕ್ ಹಂಚಿದರು. ಹೆಸರು ಕೂಗಿದರು. ಮೈಕಿನಲ್ಲಿ ಅಪ್ಪನ ಹೆಸರನ್ನೂ ಸೇರಿಸಿ ಕೂಗಿದ್ದು ಯಾಕೋ ಗೊತ್ತಿಲ್ಲ. ಆಗ ರೀಲಿನ ಕ್ಯಾಮರಾ. ನನ್ನ ಸರದಿಯಲ್ಲಿ ಫ್ಲ್ಯಾಶ್ ಬೀಳಲಿಲ್ಲ. ಅತಿಥಿಗಳು ನನ್ನ ಕೈಯಿಂದ ಪುಸ್ತಕಗಳನ್ನು ವಾಪಸ್ ತೆಗೆದುಕೊಂಡು ಮತ್ತೊಮ್ಮೆ ಕೊಟ್ಟರು. ಸಭೆ ನಕ್ಕಿತು, ಅವರೂ ನಕ್ಕರು, ನಾನೂ ನಗಬೇಕಾಯಿತು. ಆರು ಪುಸ್ತಕ, ಪ್ರತಿಯೊಂದರ ರಟ್ಟಿನ ಮೇಲೂ ಸಂಘದ ಹೆಸರು. ಆ ವರ್ಷವಿಡೀ ಅವಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿಕೊಂಡೇ ಶಾಲೆಗೆ ಹೋದೆ.

ಮೇಲಿನ ಕೈಯ ಹದೀಸನ್ನು ಅದರ ಪೂರ್ತಿ ಪ್ರಸಂಗದೊಂದಿಗೆ ಓದಿದ್ದು ಎಷ್ಟೋ ವರ್ಷಗಳ ನಂತರ. ಹಕೀಮ್ ಬಿನ್ ಹಿಝಾಮ್ ಎಂಬವರು ಪ್ರವಾದಿಯ ಬಳಿ ಕೇಳಿದರು, ಪ್ರವಾದಿ ಕೊಟ್ಟರು. ಮತ್ತೆ ಕೇಳಿದರು, ಮತ್ತೆ ಕೊಟ್ಟರು. ಮೂರನೇ ಸಲವೂ ಕೇಳಿದರು, ಆಗಲೂ ಕೊಟ್ಟರು. ಆ ಮೇಲೆ, ಅವರ ಹೆಸರು ಹಿಡಿದು, ಈ ಸಂಪತ್ತು ಹಸಿರಾದದ್ದು, ಸಿಹಿಯಾದದ್ದು ಎಂದು ಆರಂಭಿಸಿ ಮೇಲಿನ ಕೈಯ ಮಾತು ಹೇಳಿದರು. ಹಕೀಮರು ಮತ್ತೆಂದೂ ಯಾರಲ್ಲೂ ಕೇಳಲಿಲ್ಲ. ಮುಂದೆ ಖಲೀಫರಾದ ಅಬೂಬಕ್ಕರ್, ಉಮರ್ ತಮ್ಮ ಆಡಳಿತದಲ್ಲಿ ಕರೆದು ಅವರ ನ್ಯಾಯವಾದ ಪಾಲನ್ನು ಕೊಡಹೋದಾಗಲೂ ತೆಗೆದುಕೊಳ್ಳಲಿಲ್ಲ. ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕ್ರಮ. ಮೂರು ಸಲ ಕೊಟ್ಟ ಮೇಲೆ ಬುದ್ಧಿಮಾತು. ಕೊಡುವ ಮೊದಲು ಭಾಷಣವಿಲ್ಲ, ಕೊಡುವುದಕ್ಕೆ ಷರತ್ತಿಲ್ಲ. ಹಕೀಮರಲ್ಲಿ ಸ್ವಾಭಿಮಾನ ಹುಟ್ಟಿದ್ದು ಕೇಳಿದ್ದೆಲ್ಲ ಸಿಕ್ಕ ನಂತರ, ಮಾನ ಉಳಿಸಿಕೊಟ್ಟವರ ಬಾಯಿಂದ. ನಾವು ಮದ್ರಸದಲ್ಲಿ ಕೊನೆಯ ಸಾಲನ್ನು ಮಾತ್ರ ಕಲಿಸುತ್ತೇವೆ.

ಲೆಟರ್, ಕ್ಯೂಆರ್ ಕೋಡ್

ಜುಮಾ ಮುಗಿದು ಹೊರಗೆ ಬರುವಾಗ ಪಳ್ಳಿಯ ಗೇಟಿನಲ್ಲಿ ಶಾಲು ಹಾಸಿ ನಿಂತವರ ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಕಾಗದವಿರುತ್ತದೆ. ಜಮಾಅತಿನ, ಅಂದರೆ ಊರಿನ ಪಳ್ಳಿ ಕಮಿಟಿಯ, ಲೆಟರ್. 'ಇವರು ನಮ್ಮ ಮೊಹಲ್ಲಾದವರು, ಮಗಳ ಮದುವೆಗೆ ಸಹಾಯ ಮಾಡಬೇಕಾಗಿ' ಎಂದು ಶುರುವಾಗಿ ಸೀಲು, ಸಹಿಯಲ್ಲಿ ಮುಗಿಯುತ್ತದೆ. ಇದಕ್ಕೂ ಒಂದು ಬೇರಿದೆ. ಕಬೀಸಾ ಬಿನ್ ಮುಖಾರಿಕ್‌ರ ಹದೀಸಿನ ಪ್ರಕಾರ ಕೇಳುವುದು ಮೂವರಿಗೆ ಮಾತ್ರ ಸಮ್ಮತ: ಇತರರಿಗಾಗಿ ಹೊಣೆ ಹೊತ್ತು ಸಾಲಕ್ಕೆ ಬಿದ್ದವನು, ಆಪತ್ತಿನಲ್ಲಿ ಎಲ್ಲವನ್ನೂ ಕಳೆದುಕೊಂಡವನು, ಊರಿನ ಮೂವರು ವಿವೇಕಿಗಳು ಇವನು ನಿಜಕ್ಕೂ ಉಪವಾಸಕ್ಕೆ ಬಿದ್ದಿದ್ದಾನೆ ಎಂದು ಸಾಕ್ಷಿ ಹೇಳುವಷ್ಟು ಗತಿಗೆಟ್ಟವನು. ಲೆಟರ್ ಆ ಮೂವರು ವಿವೇಕಿಗಳ ಜಾಗದಲ್ಲಿ ಬಂದು ಕೂತಿದೆ.

ಆದರೆ ಒಂದು ಊರಿನ ಝಕಾತ್ ಆ ಊರಿನ ಬಡವರಿಗೆ ಸಲ್ಲಬೇಕು, ಅವರಿರುವಾಗ ಬೇರೆಡೆಗೆ ಸಾಗಿಸಬಾರದು ಎಂಬುದೂ ಶಾಫಿಈ ಮದ್ಹಬಿನ ಪ್ರಬಲ ಅಭಿಪ್ರಾಯವೇ. ಅದರ ತರ್ಕ ಹಿಡಿದು ಹೋದರೆ ಲೆಟರಿಗೆ ಸಹಿ ಹಾಕಿದ ಕಮಿಟಿಯೇ ಮೊದಲು ತನ್ನ ಪೆಟ್ಟಿಗೆ ತೆರೆಯಬೇಕು. ನಾವು ಝಕಾತನ್ನು ಊರಿನಲ್ಲಿ ಇಟ್ಟುಕೊಂಡು ಬಡವನನ್ನು ಸಾಗಿಸುತ್ತೇವೆ, ಉಪ್ಪಿನಂಗಡಿಯಿಂದ ಕುಂದಾಪುರದ ತನಕ, ಬಸ್ಸಿನ ಖರ್ಚು ಅವನದೇ. ತನ್ನ ಊರಿನಲ್ಲಿ ಯಾರಿಗೂ ತಿಳಿಯದೆ ಆಗಬಹುದಾಗಿದ್ದ ಕೆಲಸಕ್ಕೆ ಆತ ನಲವತ್ತು ಪಳ್ಳಿಗಳ ಗೇಟಿನಲ್ಲಿ ನಿಲ್ಲುತ್ತಾನೆ.

ಇನ್ನೊಂದು ಗಟ್ಟಿ ಪ್ರಶ್ನೆಯಿದೆ, ಅದಕ್ಕೆ ನನ್ನಲ್ಲಿ ಅಚ್ಚುಕಟ್ಟಾದ ಉತ್ತರವಿಲ್ಲ. ಮಂಗಳೂರು ಆಸ್ಪತ್ರೆಗಳ ಊರು. ಐಸಿಯುವಿನ ಹೊರಗೆ ತೆಗೆದ ವೀಡಿಯೋಗಳು ವಾರಕ್ಕೊಂದಾದರೂ ಬರುತ್ತವೆ. ಮೂಗಿಗೆ ಪೈಪು ಹಾಕಿದ ಮಗು, ಅಳುವ ತಾಯಿ, ಕೆಳಗೆ ಖಾತೆ ನಂಬರು, ಕ್ಯೂಆರ್ ಕೋಡ್. ಮುಖ ತೋರಿಸದಿದ್ದರೆ ದುಡ್ಡು ಬರುವುದಿಲ್ಲ ಎನ್ನುತ್ತಾರೆ ವೀಡಿಯೋ ಮಾಡುವವರು, ಅವರ ಮಾತು ಸುಳ್ಳಲ್ಲ. ಮಗುವಿನ ಜೀವದ ಎದುರು ಮಾನದ ಮಾತಾಡಲು ನಾನು ಯಾರು? ಗಝಾಲಿಯವರ ಪಟ್ಟಿಯಲ್ಲಿ ಜೀವ ಎರಡನೆಯದು, ಮಾನ ಆಮೇಲೆ ಸುಬ್ಕಿ ಸೇರಿಸಿದ ಆರನೆಯದು. ಆ ತಾಯಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ನೋಡುವ ನಮ್ಮ ಮೇಲೆ. ಮೂವರು ವಿವೇಕಿಗಳ ಮಾತು ಸಾಕು ಎಂದಿತ್ತು ಹದೀಸ್. ಇಂದು ಡಾಕ್ಟರರ ಕಾಗದ, ಆಸ್ಪತ್ರೆಯ ಬಿಲ್, ಮೊಹಲ್ಲಾದ ಖತೀಬರ ಮಾತು, ಇಷ್ಟು ಸಾಕ್ಷಿಯಿದ್ದರೂ ನಮಗೆ ಕಣ್ಣೀರು ಬೇಕು. ಮಗು ಗುಣವಾಗಿ ಹತ್ತು ವರ್ಷ ಕಳೆದ ಮೇಲೆ ಆ ವೀಡಿಯೋ ಎಲ್ಲಿರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಲೆಕ್ಕ ತೋರಿಸಬೇಕಲ್ಲ ಎಂಬುದು ಕಮಿಟಿಯವರ ವಾದ. ಅದನ್ನು ತಳ್ಳಿಹಾಕುವಂತಿಲ್ಲ. ಗಲ್ಫಿನಲ್ಲಿ ದುಡಿದು ಕಳಿಸುವವನಿಗೆ ತನ್ನ ದುಡ್ಡು ಎಲ್ಲಿಗೆ ಹೋಯಿತೆಂದು ತಿಳಿಯುವ ಹಕ್ಕಿದೆ. ಕಡ್ಡಾಯ ಝಕಾತನ್ನು ಬಹಿರಂಗವಾಗಿ ಕೊಡುವುದೇ ಉತ್ತಮ, ಇತರರಿಗೂ ಪ್ರೇರಣೆಯಾಗುತ್ತದೆ ಎಂದು ವಿದ್ವಾಂಸರೇ ಹೇಳಿದ್ದಾರೆ. ಗಮನಿಸಬೇಕಾದ್ದು, ಅಲ್ಲಿ ಬಹಿರಂಗವಾಗುವುದು ಕೊಡುವವನು. ತೆಗೆದುಕೊಂಡವನನ್ನು ಬಯಲಿಗೆ ತರಬೇಕೆಂದು ಯಾರೂ ಬರೆದಿಲ್ಲ. ರಶೀದಿ ಪುಸ್ತಕ, ಬ್ಯಾಂಕ್ ವರ್ಗಾವಣೆ, ಹೆಸರಿನ ಬದಲು ನಂಬರ್ ಬರೆದ ಪಟ್ಟಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ, ಇಷ್ಟಿದ್ದರೆ ಫೋಟೋಕ್ಕಿಂತ ಗಟ್ಟಿ ಸಾಕ್ಷಿ. ಫೋಟೋದಲ್ಲಿ ಒಂದೇ ಚೀಲವನ್ನು ಹತ್ತು ಜನರ ಕೈಗೆ ಕೊಟ್ಟು ಹತ್ತು ಸಲ ತೆಗೆಯಬಹುದು, ನನ್ನ ನೋಟ್‌ಬುಕ್ಕುಗಳ ಹಾಗೆ.

ನಮ್ಮ ಮೊಹಲ್ಲಾದಲ್ಲಿ ಈ ಸಲ ರಂಝಾನಿಗೆ ಮುಂಚಿನ ಕಮಿಟಿ ಸಭೆಯಲ್ಲಿ ದರ್ಸ್ ಓದಿದ ಅದೇ ಗೆಳೆಯರು ತಯಮ್ಮುಮಿನ ನೀರಿನ ವಿಷಯ ಎತ್ತಿದರು. ಒಂದು ಗಂಟೆ ಚರ್ಚೆಯಾಯಿತು. "ಹಾಗಾದರೆ ದಾನಿಗಳಿಗೆ ತೋರಿಸುವುದು ಏನನ್ನು ಉಸ್ತಾದ್?" ಎಂದು ಕೋಶಾಧಿಕಾರಿ ಎರಡೆರಡು ಸಲ ಕೇಳಿದರು. ಕೊನೆಗೆ ಯಾರ ಮುಖವನ್ನೂ ತೆಗೆಯುವುದು ಬೇಡ, ಚೀಲಗಳ ಫೋಟೋ ಸಾಕು, ರಾತ್ರಿ ತರಾವೀಹ್ ನಮಾಝ್ ಮುಗಿದ ಮೇಲೆ ಹುಡುಗರು ಮನೆಮನೆಗೆ ಮುಟ್ಟಿಸಲಿ ಎಂದು ತೀರ್ಮಾನವಾಯಿತು. ಹುಡುಗರು ಹಾಗೆಯೇ ಮಾಡಿದರು. ಬೀಡಿ ಕಟ್ಟುವ ಅವರ ಮನೆಯ ಜಗಲಿಯಲ್ಲಿಯೂ ಒಂದು ಚೀಲ ಇಟ್ಟು, ಬಾಗಿಲು ತಟ್ಟಿ, ತೆರೆಯುವ ಮೊದಲೇ ಹೊರಟುಬಂದರಂತೆ.

ಮಾರನೆಯ ದಿನ ಗ್ರೂಪಿಗೆ ಫೋಟೋ ಬಂತು. ಪಳ್ಳಿಯ ಜಗಲಿಯಲ್ಲಿ ಸಾಲಾಗಿ ಜೋಡಿಸಿಟ್ಟ ಚೀಲಗಳು, ಮನುಷ್ಯರ ಸುಳಿವಿಲ್ಲ. ಹಿಂದೆ ಮಾತ್ರ ಬ್ಯಾನರ್ ಕಟ್ಟಿತ್ತು. ಅದರಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು ಇಬ್ಬರು, ಮತ್ತು ಕೋಶಾಧಿಕಾರಿ ನಗುತ್ತಿದ್ದರು.